ಚರ್ಮದ ಚೂರು, ಮಿದುಳಿನ ನಾಳ

ಮಿದುಳಿನ ಸಣ್ಣ ರಕ್ತನಾಳಗಳ ಆನುವಂಶಿಕ ರೋಗಗಳನ್ನು ಚರ್ಮದ ಕೋಶಗಳಿಂದ ಅರಿಯುವ ಬಗ್ಗೆ ಸಭಿಕರೆದುರು ಆಡಿದ ಮಾತನ್ನು ಬರಹಕ್ಕಿಳಿಸುವಾಗ, ಅಲ್ಲಿ ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಜೊತೆಗಿರುವುದಿಲ್ಲ. ಅವುಗಳಲ್ಲಿ ಎರಡು ಮೂರನ್ನು ಮಾತಿನಲ್ಲಿಯೇ ಕಟ್ಟಿಕೊಡಲು ಯತ್ನಿಸಿದ್ದೇನೆ. ಉಪನ್ಯಾಸದ ಕೊನೆಯಲ್ಲಿ ಬಂದ ಒಂದು ಪ್ರಶ್ನೆಗೆ ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನೂ ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತಿದೆ. ಮಿದುಳಿನ ರಕ್ತನಾಳಗಳು ಕೆಟ್ಟು ಪಾರ್ಶ್ವವಾಯು ಹೊಡೆದ ರೋಗಿಯ ತೋಳಿನಿಂದ ಚರ್ಮದ ಚೂರೊಂದನ್ನು ಕತ್ತರಿಸಿ ತೆಗೆಯುವುದನ್ನು ಕಂಡವರಿಗೆ ಆ ಗಾದೆ ನೆನಪಾದರೆ ತಪ್ಪೇನೂ ಇಲ್ಲ. ಆದರೆ ಇಲ್ಲಿ ಎಮ್ಮೆಗೂ ಎತ್ತಿಗೂ ನಿಜವಾದ ಸಂಬಂಧವಿದೆ. ಆನುವಂಶಿಕ ರೋಗದಲ್ಲಿ ತಂದೆಯಿಂದಲೋ ತಾಯಿಯಿಂದಲೋ ಬಂದ ಮ್ಯುಟೇಶನ್, ಎಂದರೆ ಜೀನಿನಲ್ಲಾದ ಬದಲಾವಣೆ, ದೇಹದ ಎಲ್ಲ ಜೀವಕೋಶಗಳಲ್ಲಿಯೂ ಇರುತ್ತದೆ. ಜೀವಂತ ರೋಗಿಯ ಮಿದುಳಿನ ನಾಳವನ್ನು ಸಂಶೋಧನೆಗೆಂದು ಕತ್ತರಿಸಿ ತೆಗೆಯುವಂತಿಲ್ಲ. ಮರಣಾನಂತರ ದೊರೆಯುವ ಮಿದುಳಾದರೋ ರೋಗದ ಕಡೆಯ ಪುಟವನ್ನು ಮಾತ್ರ ತೋರಿಸುತ್ತದೆ. ಚರ್ಮವನ್ನು ಸ್ಥಳೀಯ ಅರಿವಳಿಕೆ ಕೊಟ್ಟು ಮೂರು ನಾಲ್ಕು ಮಿಲಿಮೀಟರ್ ಅಗಲದಷ್ಟು ತೆಗೆದರೆ ಸಾಕು, ಗಾಯ ಬೇಗ ಮಾಯುತ್ತದೆ, ಕೋಶಗಳು ಜೀವಂತವಾಗಿ ಕೈಗೆ ಸಿಗುತ್ತವೆ.

ಇಷ್ಟಾದರೂ ಚರ್ಮದ ಕೋಶ ಎಲ್ಲ ರೋಗಕ್ಕೂ ಸಾಕ್ಷಿ ಹೇಳಲಾರದು. ಜೀನ್ ಎಲ್ಲ ಕೋಶಗಳಲ್ಲಿ ಇದೆ ಎಂದ ಮಾತ್ರಕ್ಕೆ ಎಲ್ಲ ಕೋಶಗಳೂ ಅದನ್ನು ಓದಿ ಪ್ರೋಟೀನ್ ತಯಾರಿಸುವುದಿಲ್ಲ. ಕಣ್ಣಾರೆ ಕಂಡವನ ಸಾಕ್ಷಿಗೂ ಕಿವಿಯಾರೆ ಕೇಳಿದವನ ಸಾಕ್ಷಿಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. ಯಾವ ರೋಗದಲ್ಲಿ ಚರ್ಮಕೋಶವೇ ಆ ಪ್ರೋಟೀನನ್ನು ತಯಾರಿಸುತ್ತದೆ, ಯಾವುದರಲ್ಲಿ ತಯಾರಿಸುವುದಿಲ್ಲ ಎಂಬುದನ್ನು ಮೊದಲು ಕೇಳಿಕೊಳ್ಳದೆ ಪ್ರಯೋಗಕ್ಕೆ ಇಳಿದರೆ, ಎಷ್ಟೇ ಶುದ್ಧವಾಗಿ ಅಳೆದರೂ ಅಳತೆಗೆ ಅರ್ಥವಿರುವುದಿಲ್ಲ. ನನ್ನ ಉಪನ್ಯಾಸದ ವಾದ ಇದೊಂದೇ.

ಚರ್ಮದ ಒಳಪದರದಲ್ಲಿ ಹೇರಳವಾಗಿರುವ, ಕೊಲಾಜನ್ ಮುಂತಾದ ನಾರುಗಳನ್ನು ನೇಯುವ ಕೋಶಕ್ಕೆ ಫೈಬ್ರೋಬ್ಲಾಸ್ಟ್ ಎಂದು ಹೆಸರು. ಬಯಾಪ್ಸಿಯ, ಎಂದರೆ ಪರೀಕ್ಷೆಗೆಂದು ತೆಗೆದ ಚರ್ಮದ, ಚೂರನ್ನು ಇನ್ನಷ್ಟು ಸಣ್ಣದಾಗಿ ಹೆಚ್ಚಿ ಪ್ಲಾಸ್ಟಿಕ್ ತಟ್ಟೆಗೆ ಅಂಟಿಸಿ, ಪೋಷಕ ದ್ರವ ಹಾಕಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿಟ್ಟರೆ ಕೆಲವು ದಿನ ಏನೂ ಆಗಿಲ್ಲವೇನೋ ಎನಿಸುತ್ತದೆ. ಆಮೇಲೆ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚೂರಿನ ಅಂಚಿನಿಂದ ಕದಿರಿನಾಕಾರದ ಉದ್ದನೆಯ ಕೋಶಗಳು ಒಂದೊಂದಾಗಿ ಹೊರಬಂದಿರುತ್ತವೆ. ವಾರಗಳು ಕಳೆದು ತಟ್ಟೆ ತುಂಬಿದಾಗ ಅವು ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮಲಗಿ, ಅಲ್ಲಲ್ಲಿ ನೆತ್ತಿಯ ಸುಳಿಯ ಕೂದಲಿನಂತೆ ತಿರುಗಿಕೊಂಡಿರುತ್ತವೆ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಅವನ್ನು ಬಿಡಿಸಿ ಹೊಸ ತಟ್ಟೆಗಳಿಗೆ ಹಂಚುವುದಕ್ಕೆ ಪ್ಯಾಸೇಜ್ ಎನ್ನುತ್ತಾರೆ. ಒಂದಿಷ್ಟನ್ನು ದ್ರವ ಸಾರಜನಕದಲ್ಲಿ ಕಾಪಿಟ್ಟರೆ ವರ್ಷಗಳ ನಂತರವೂ ಎಬ್ಬಿಸಿ ಬೆಳೆಸಬಹುದು.

ಪ್ರೋಟೀನಿನ ಅಭಿವ್ಯಕ್ತಿ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ಜೀನಿನಿಂದ ಅದರ ಸಂದೇಶ ಹೊತ್ತ ಎಷ್ಟು ಆರ್‌ಎನ್‌ಎ ಹೊರಟಿತು ಎಂಬುದು ಒಂದು ಪ್ರಶ್ನೆ. ಅದರಿಂದ ಎಷ್ಟು ಪ್ರೋಟೀನ್ ತಯಾರಾಯಿತು ಎಂಬುದು ಬೇರೆ ಪ್ರಶ್ನೆ. ತಯಾರಾದದ್ದು ಸರಿಯಾಗಿ ಮಡಚಿಕೊಂಡಿತೇ, ಹೋಗಬೇಕಾದಲ್ಲಿಗೆ ಹೋಯಿತೇ, ಕೆಲಸ ಮುಗಿದ ಮೇಲೆ ತೆರವಾಯಿತೇ ಎಂಬವು ಇನ್ನೂ ಬೇರೆ. ಮಿದುಳಿನ ಸಣ್ಣ ರಕ್ತನಾಳಗಳ ಆನುವಂಶಿಕ ರೋಗಗಳಲ್ಲಿ ಹೆಚ್ಚಾಗಿ ಎಡವಟ್ಟಾಗುವುದು ಈ ಕೊನೆಯ ಮೂರರಲ್ಲಿ. ಆರ್‌ಎನ್‌ಎ ಮಾತ್ರ ಅಳೆದು ಎಲ್ಲವೂ ಸರಿಯಾಗಿದೆ ಎಂದುಕೊಂಡರೆ ಕಳ್ಳ ಹಿಂಬಾಗಿಲಿನಿಂದ ಹೋಗಿರುತ್ತಾನೆ.

ಕ್ಯಾಡಸಿಲ್ ಎಂಬ ರೋಗವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಈ ಗುಂಪಿನಲ್ಲಿ ಹೆಚ್ಚು ಬಲ್ಲದ್ದು ಅದನ್ನೇ. ಮುನ್ಸೂಚನೆಯುಳ್ಳ (ಆರಾ) ಮೈಗ್ರೇನ್ ತಲೆನೋವು ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿ, ಸಣ್ಣ ಸಣ್ಣ ಪಾರ್ಶ್ವವಾಯುಗಳು ನಲವತ್ತು ಐವತ್ತರಲ್ಲಿ, ಆಮೇಲೆ ನೆನಪು ಮತ್ತು ವಿವೇಚನೆಯ ಕುಸಿತ ಎಂಬುದು ಅದರ ಪರಿಚಿತ ನಡೆ. ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇಲ್ಲದವರಿಗೂ ಬರುತ್ತದೆ. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ಯಾರಿಸ್ಸಿನ ಸಂಶೋಧಕರು 1993ರಲ್ಲಿ ಇದರ ಜೀನ್ 19ನೆಯ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. 1996ರಲ್ಲಿ ಆನ್ ಜುತೆಲ್, ಎಲಿಝಬೆತ್ ತುರ್ನಿಯೆ ಲಾಸೆರ್ವ್ ಮತ್ತು ಸಂಗಡಿಗರು ಆ ಜೀನ್ ನಾಚ್3 ಎಂದು ಕಂಡುಹಿಡಿದರು.

ನಾಚ್3 ಎಂಬುದು 2321 ಅಮೈನೋ ಆಮ್ಲಗಳ (ಪ್ರೋಟೀನಿನ ಸರವನ್ನು ಕಟ್ಟುವ ಮಣಿಗಳು) ಉದ್ದದ ಪ್ರೋಟೀನು; ಕೋಶದ ಹೊರಪೊರೆಯಲ್ಲಿ ನೆಟ್ಟು ನಿಂತು ನೆರೆಯ ಕೋಶದ ಸಂದೇಶವನ್ನು ಒಳಕ್ಕೆ ದಾಟಿಸುತ್ತದೆ. ಹೊರಗೆ ಚಾಚಿಕೊಂಡ ಅದರ ಭಾಗದಲ್ಲಿ ಒಂದೇ ಬಗೆಯ 34 ತುಣುಕುಗಳು ಸರಪಳಿಯಂತೆ ಜೋಡಣೆಯಾಗಿವೆ. ಪ್ರತಿ ತುಣುಕಿನಲ್ಲಿ ಅಮೈನೋ ಆಮ್ಲಗಳ ಪೈಕಿ ಆರು ಸಿಸ್ಟೀನ್‌ಗಳಿದ್ದು, ಅವು ಎರಡೆರಡಾಗಿ ಕೈಹಿಡಿದುಕೊಂಡು ತುಣುಕಿನ ಆಕಾರವನ್ನು ಬಿಗಿಯಾಗಿಡುತ್ತವೆ. ಕ್ಯಾಡಸಿಲ್ ತರುವ ಮ್ಯುಟೇಶನ್‌ಗಳಲ್ಲಿ ಬಹುಪಾಲು ಮಾಡುವ ಕೆಲಸ ಒಂದೇ: ಆರನ್ನು ಐದು ಮಾಡುವುದು ಅಥವಾ ಏಳು ಮಾಡುವುದು. ಎರಡರಲ್ಲೂ ಒಂದು ಸಿಸ್ಟೀನ್ ಜೊತೆಯಿಲ್ಲದೆ ಒಂಟಿಯಾಗಿ ಉಳಿಯುತ್ತದೆ. ಒಂಟಿಯಾದದ್ದು ಸುಮ್ಮನಿರುವುದಿಲ್ಲ, ಎಟುಕಿದ್ದಕ್ಕೆ ಅಂಟಿಕೊಳ್ಳುತ್ತದೆ.

ಈ ಪ್ರೋಟೀನು ಕೋಶದ ಒಳಗೇ ಒಮ್ಮೆ ಕತ್ತರಿಸಲ್ಪಟ್ಟು ಎರಡು ತುಂಡಾಗಿ, ಆ ತುಂಡುಗಳು ಪರಸ್ಪರ ಸೇರಿಕೊಂಡೇ ಹೊರಪೊರೆಗೆ ಬರುತ್ತವೆ. ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ, ಎಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪೊರೆಯೊಂದಕ್ಕೆ ವರ್ಗಾಯಿಸಿ ಪ್ರತಿಕಾಯದಿಂದ ಗುರುತು ಹಚ್ಚುವ ಪರೀಕ್ಷೆಯಲ್ಲಿ, ಹೊರಭಾಗದ ತುಂಡು ಸುಮಾರು 210 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಎತ್ತರದಲ್ಲಿಯೂ ಪೊರೆಗೆ ನೆಟ್ಟ ತುಂಡು 97ರ ಸುಮಾರಿನಲ್ಲಿಯೂ ಪಟ್ಟಿಗಳಾಗಿ ಕಾಣುತ್ತವೆ. ರೋಗಿಗಳ ಮಿದುಳಿನ ನಾಳಗಳನ್ನು ಹೀಗೆ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮೇಲಿನ ಪಟ್ಟಿ ಮಾತ್ರ ದಟ್ಟವಾಗಿತ್ತು. ಪ್ರೋಟೀನಿನ ತಯಾರಿಕೆ ಹೆಚ್ಚಿರಲಿಲ್ಲ. ಹೊರತುಂಡು ತೆರವಾಗದೆ ನಾಳದ ಗೋಡೆಯಲ್ಲಿ ರಾಶಿ ಬಿದ್ದಿತ್ತು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಪಾಠ ಹೇಳುವ ಚಿತ್ರ ಇದು. ಒಂದೇ ಪ್ರೋಟೀನಿನ ಎರಡು ತುಂಡುಗಳಲ್ಲಿ ಒಂದು ಮಾತ್ರ ಉಳಿದುಕೊಂಡದ್ದನ್ನು ಕಾಣಬೇಕಾದರೆ ಎರಡೂ ತುಂಡುಗಳಿಗೆ ಬೇರೆ ಬೇರೆ ಪ್ರತಿಕಾಯ ಬೇಕು. ಒಳತುಂಡಿನ ಪ್ರತಿಕಾಯವನ್ನಷ್ಟೇ ಬಳಸಿದವನಿಗೆ ರೋಗಿಯೂ ಆರೋಗ್ಯವಂತನೂ ಒಂದೇ ರೀತಿ ಕಂಡಿರುತ್ತಾರೆ.

ಈಗ ಚರ್ಮಕ್ಕೆ ಬರೋಣ. ವಯಸ್ಕರ ದೇಹದಲ್ಲಿ ನಾಚ್3 ಮುಖ್ಯವಾಗಿ ಇರುವುದು ರಕ್ತನಾಳದ ಗೋಡೆಯ ನಯವಾದ ಸ್ನಾಯುಕೋಶಗಳಲ್ಲಿ ಮತ್ತು ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ಅಪ್ಪಿಕೊಂಡಿರುವ ಪೆರಿಸೈಟ್‌ಗಳಲ್ಲಿ. ಆದ್ದರಿಂದ ಕ್ಯಾಡಸಿಲ್‌ನಲ್ಲಿ ನಿಜವಾದ ಸಾಕ್ಷಿ ತಟ್ಟೆಯಲ್ಲಿ ಬೆಳೆಸಿದ ಫೈಬ್ರೋಬ್ಲಾಸ್ಟ್ ಅಲ್ಲ, ಅದೇ ಚರ್ಮದ ಚೂರಿನೊಳಗೆ ಹಾದುಹೋಗುವ ಪುಟ್ಟ ಅಪಧಮನಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ನಾಳದ ಅಡ್ಡಸೀಳಿಕೆಯನ್ನು ನೋಡಿದರೆ, ಸ್ನಾಯುಕೋಶದ ಮೈಮೇಲೆ ಸಣ್ಣ ಸಣ್ಣ ಗುಳಿಗಳಿದ್ದು, ಅವುಗಳಲ್ಲಿ ಕಪ್ಪು ರವೆಯನ್ನು ಒತ್ತಿ ತುಂಬಿದಂತೆ ಕಾಣುವ ಮುದ್ದೆಗಳಿರುತ್ತವೆ. ಕ್ಯಾಡಸಿಲ್‌ನ ಗುರುತು ಇದೇ. ಪ್ರತಿಕಾಯ ಹಚ್ಚಿ ಚರ್ಮದ ನಾಳಗಳಲ್ಲಿ ನಾಚ್3 ಹೊರತುಂಡಿನ ರಾಶಿಯನ್ನು ಗುರುತಿಸುವ ವಿಧಾನವನ್ನು 2001ರಲ್ಲಿ ವರದಿ ಮಾಡಿದಾಗ, ಅದು ರೋಗವಿರುವವರಲ್ಲಿ ಶೇಕಡ 96ರಷ್ಟು ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಯಾರನ್ನೂ ತಪ್ಪಾಗಿ ಹಿಡಿಯಲಿಲ್ಲ. ಮಿದುಳಿನ ನಾಳಕ್ಕೆ ಬಡಿಯುವ ರೋಗ ತೋಳಿನ ನಾಳದಲ್ಲೂ ಇದೆ. ಆದರೆ ತೋಳಿಗೆ ಅದರಿಂದ ತೊಂದರೆಯೇ ಇಲ್ಲ. ಹೀಗೇಕೆ ಎಂಬುದು ದೊಡ್ಡ ಪ್ರಶ್ನೆ. ಮಿದುಳಿನ ಬಿಳಿ ಭಾಗಕ್ಕೆ ರಕ್ತ ಒಯ್ಯುವ ನಾಳಗಳು ಉದ್ದವಾಗಿ, ಒಂದಕ್ಕೊಂದು ಬದಲಿ ದಾರಿ ಕಡಿಮೆ ಇರುವಂತೆ ಹಬ್ಬಿವೆ ಎಂಬುದು ಉತ್ತರದ ಒಂದು ಭಾಗವಿರಬಹುದು.

ಕ್ಯಾಡಸಿಲ್‌ನಲ್ಲಿ ಕಿವಿಮಾತಿನ ಸಾಕ್ಷಿಯಾದ ಫೈಬ್ರೋಬ್ಲಾಸ್ಟ್ ಕೊಲಾಜನ್ ರೋಗಗಳಿಗೆ ಬಂದಾಗ ಪ್ರತ್ಯಕ್ಷ ಸಾಕ್ಷಿಯಾಗುತ್ತದೆ. ನಾಳಗಳ ಕೋಶಗಳಿಗೆ ಆಧಾರವಾದ ತೆಳು ಪದರವಾದ ತಳಪೊರೆಯನ್ನು ಕಟ್ಟುವ ನಾಲ್ಕನೆಯ ಬಗೆಯ ಕೊಲಾಜನ್, ಕಾಲ್4ಎ1 ಜೀನಿನ ಎರಡು ಎಳೆ ಮತ್ತು ಕಾಲ್4ಎ2 ಜೀನಿನ ಒಂದು ಎಳೆ ಸೇರಿ ಜಡೆಯಂತೆ ಹೆಣೆದುಕೊಂಡದ್ದು. ಪ್ರತಿ ಎಳೆಯಲ್ಲಿ ಮೂರಕ್ಕೊಂದರಂತೆ ಗ್ಲೈಸಿನ್ ಬರಲೇಬೇಕು. ಅಮೈನೋ ಆಮ್ಲಗಳಲ್ಲಿ ಅದೇ ಅತಿ ಚಿಕ್ಕದು, ಜಡೆಯ ನಡುವಿನ ಇಕ್ಕಟ್ಟಿನಲ್ಲಿ ಬೇರೊಂದು ಹಿಡಿಸುವುದಿಲ್ಲ. ಗ್ಲೈಸಿನ್ ಜಾಗಕ್ಕೆ ದೊಡ್ಡದೊಂದು ಬಂದು ಕುಳಿತರೆ ಹೆಣಿಗೆ ಅಲ್ಲಿ ತಡೆದು ನಿಲ್ಲುತ್ತದೆ. ಈ ಎರಡು ಜೀನ್‌ಗಳ ಮ್ಯುಟೇಶನ್‌ಗಳು ಹಸುಳೆಗಳಿಂದ ವಯಸ್ಕರವರೆಗೆ ಮಿದುಳಿನ ರಕ್ತಸ್ರಾವಕ್ಕೆ ಕಾರಣವಾಗುತ್ತವೆ.

ಇಂಥ ರೋಗಿಯೊಬ್ಬರ ಚರ್ಮದ ಫೈಬ್ರೋಬ್ಲಾಸ್ಟ್‌ಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ವಿದ್ಯಾರ್ಥಿಗಳಿಗೆ ಓದಲು ಕೊಡುತ್ತೇನೆ. ಕಾಲ್4ಎ2 ಎಳೆಯ 702ನೆಯ ಗ್ಲೈಸಿನ್ ಬದಲಾಗಿದ್ದ ಆ ಕೋಶಗಳಲ್ಲಿ ಕೊಲಾಜನ್ ಹೊರಗೆ ಹೋಗದೆ, ಪ್ರೋಟೀನುಗಳು ಮಡಚಿಕೊಳ್ಳುವ ಅಂಗಳವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಕಟ್ಟಿಕೊಂಡಿತ್ತು. ಪ್ರತಿದೀಪ್ತ ಬಣ್ಣ ಹಚ್ಚಿ ನೋಡಿದಾಗ ಇಂಥ ಕೋಶಗಳಲ್ಲಿ ಕೋಶಕೇಂದ್ರದ ಸುತ್ತ ಬೆಳಕು ಗುಂಪುಗಟ್ಟಿರುತ್ತದೆ. ಕಟ್ಟಿಕೊಂಡ ಕಸದ ಒತ್ತಡಕ್ಕೆ ಕೋಶ ಆಪತ್ತಿನ ಗಂಟೆ ಬಾರಿಸಿ, ಅದೂ ಸಾಲದಾದಾಗ ತಾನೇ ಸಾಯುವ ದಾರಿ ಹಿಡಿಯುತ್ತದೆ. ಪ್ರೋಟೀನುಗಳ ಮಡಿಕೆಗೆ ನೆರವಾಗುವ ಫಿನೈಲ್‌ಬ್ಯುಟಿರೇಟ್ ಎಂಬ, ಯೂರಿಯಾ ಚಕ್ರದ ರೋಗಗಳಿಗೆ ಈಗಾಗಲೇ ಬಳಕೆಯಲ್ಲಿರುವ ಔಷಧಿಯನ್ನು ಕೊಟ್ಟಾಗ ಒಳಗಿನ ಶೇಖರಣೆಯೂ ಒತ್ತಡವೂ ಇಳಿದವು. ಚರ್ಮದ ಕೋಶವೊಂದು ರೋಗದ ಕಾರ್ಯವಿಧಾನವನ್ನೂ ಔಷಧಿಯ ಸುಳಿವನ್ನೂ ಒಟ್ಟಿಗೆ ಕೊಟ್ಟಿತು. ಆದರೆ ಸಂತೋಷಪಡಲು ಅವಸರ ಬೇಡ. ಕೊಲಾಜನ್ ಮ್ಯುಟೇಶನ್ ಇರುವ ಇಲಿಗಳಲ್ಲಿ ಆ ಔಷಧಿ ಮಿದುಳಿನ ರಕ್ತಸ್ರಾವವನ್ನು ತಗ್ಗಿಸಿದರೂ, ಮೂತ್ರಪಿಂಡದ ತಳಪೊರೆಯ ದೋಷವನ್ನು ಸರಿಪಡಿಸಲಿಲ್ಲ. ಕೋಶದೊಳಗಿನ ಕಸ ಒಂದು ತೊಂದರೆ, ಹೊರಗಿನ ಗೋಡೆಯ ದೌರ್ಬಲ್ಯ ಇನ್ನೊಂದು. ಮೊದಲನೆಯದನ್ನು ನೀಗಿದರೆ ಎರಡನೆಯದು ತಾನಾಗಿ ನೀಗುವುದಿಲ್ಲ.

ಮೂರನೆಯ ರೋಗ ಕ್ಯಾರಸಿಲ್. ಇದು ಮೊದಲು ಜಪಾನಿನಲ್ಲಿ ಗುರುತಿಸಲ್ಪಟ್ಟಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಕಾಣಿಸಿಕೊಳ್ಳುವ ಇದರಲ್ಲಿ ಪಾರ್ಶ್ವವಾಯುವಿನ ಜೊತೆಗೆ ಎಳೆಯ ವಯಸ್ಸಿನಲ್ಲೇ ತಲೆಗೂದಲು ಉದುರುವುದು, ಬೆನ್ನುಮೂಳೆಯ ಸವೆತ ಇವೂ ಸೇರಿರುತ್ತವೆ. 2009ರಲ್ಲಿ ಜಪಾನಿನ ಸಂಶೋಧಕರು ಇದರ ಜೀನ್ ಎಚ್‌ಟಿಆರ್‌ಎ1 ಎಂದು ತೋರಿಸಿದರು. ಇತರ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ ಅದು. ಕತ್ತರಿ ಕೆಟ್ಟಾಗ ಟಿಜಿಎಫ್ ಬೀಟಾ ಎಂಬ ಸಂಕೇತ ಹೆಚ್ಚಾಗುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು. ಐದು ವರ್ಷಗಳ ನಂತರ ಬೇರೊಂದು ತಂಡ ಇಲಿಯ ಮಿದುಳು, ಇಲಿಯ ಭ್ರೂಣದ ಫೈಬ್ರೋಬ್ಲಾಸ್ಟ್ ಮತ್ತು ರೋಗಿಯ ಚರ್ಮದ ಫೈಬ್ರೋಬ್ಲಾಸ್ಟ್ ಮೂರನ್ನೂ ನೋಡಿ, ಆ ಕಿಣ್ವ ಟಿಜಿಎಫ್ ಬೀಟಾ ಸಂಕೇತಕ್ಕೆ ಅಡ್ಡಿಯಲ್ಲ, ಒತ್ತಾಸೆ ಎಂದಿತು. ಅದನ್ನು ಹಿಡಿದಿಟ್ಟುಕೊಳ್ಳುವ ಎಲ್‌ಟಿಬಿಪಿ1 ಎಂಬ ಪ್ರೋಟೀನನ್ನು ಕತ್ತರಿಸಿ ಬಿಡುಗಡೆಗೆ ದಾರಿ ಮಾಡುತ್ತದೆ ಎಂದಿತು. ಒಂದೇ ರೋಗದ ಬಗ್ಗೆ ಎರಡು ಎದುರುಬದುರು ಮಾತು. ಇಲ್ಲಿ ಯಾರೋ ಒಬ್ಬರು ಸುಳ್ಳಾಡಿದ್ದಾರೆ ಎಂದಲ್ಲ. ವರ್ಷಗಟ್ಟಲೆ ರೋಗದಿಂದ ನಲುಗಿದ ನಾಳದ ಗೋಡೆ ತನ್ನ ಹಾನಿಗೆ ತಾನು ತೋರಿದ ಪ್ರತಿಕ್ರಿಯೆಯನ್ನೂ ಸೇರಿಸಿ ಹೇಳುತ್ತದೆ; ತಟ್ಟೆಯ ಕೋಶಕ್ಕೆ ಅಂಥ ಇತಿಹಾಸವಿಲ್ಲ. ಅದು ಮೊದಲ ಪೆಟ್ಟನ್ನು ಶುದ್ಧವಾಗಿ ತೋರಿಸಬಹುದು, ರೋಗವನ್ನು ಪೂರ್ತಿಯಾಗಿ ತೋರಿಸಲಾರದು. ನನ್ನ ಒಲವು ಫೈಬ್ರೋಬ್ಲಾಸ್ಟ್‌ನ ಮಾತಿನ ಕಡೆಗೆ ಇದೆ, ಆದರೆ ಅದು ಒಲವು ಮಾತ್ರ.

ಈ ಕಥೆಗೆ ಒಂದು ತಿರುವೂ ಇದೆ. ಕ್ಯಾಡಸಿಲ್ ರೋಗಿಗಳ ಮಿದುಳಿನ ನಾಳಗಳಲ್ಲಿರುವ ಪ್ರೋಟೀನುಗಳನ್ನು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಒಟ್ಟಾಗಿ ಎಣಿಸಿದ 2018ರ ಅಧ್ಯಯನದಲ್ಲಿ, ಎಚ್‌ಟಿಆರ್‌ಎ1 ಕತ್ತರಿಸಬೇಕಾಗಿದ್ದ ಪ್ರೋಟೀನುಗಳು ಕತ್ತರಿಸಲ್ಪಡದೆ ಹೆಚ್ಚಾಗಿದ್ದವು. ಕತ್ತರಿ ಇತ್ತು, ಆದರೆ ನಾಚ್3 ರಾಶಿಯೊಳಗೆ ಸಿಕ್ಕಿಬಿದ್ದಿತ್ತು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿರುವ ಎರಡು ರೋಗಗಳು ಪ್ರೋಟೀನಿನ ಮಟ್ಟದಲ್ಲಿ ಒಂದೇ ಕಡೆ ಬಂದು ಸೇರುತ್ತವೆ ಎಂಬುದು ಜೀನ್ ಪರೀಕ್ಷೆಯಿಂದ ಎಂದೂ ತಿಳಿಯುತ್ತಿರಲಿಲ್ಲ.

ಐಸ್‌ಲ್ಯಾಂಡಿನ ಕೆಲವು ಕುಟುಂಬಗಳಲ್ಲಿ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ 68ನೆಯ ಅಮೈನೋ ಆಮ್ಲ ಬದಲಾಗಿ, ಅದು ಮಿದುಳಿನ ನಾಳಗಳಲ್ಲಿ ಗಡ್ಡೆಗಟ್ಟಿ, ಮೂವತ್ತರ ಸುಮಾರಿಗೇ ಮಾರಕ ರಕ್ತಸ್ರಾವ ತರುತ್ತದೆ. ಅದೇ ಪ್ರೋಟೀನು ಚರ್ಮದಲ್ಲಿಯೂ ಶೇಖರವಾಗುವುದರಿಂದ, ಅಸೆಟೈಲ್‌ಸಿಸ್ಟೀನ್ ಔಷಧಿ ಪಡೆದವರಲ್ಲಿ ಶೇಖರಣೆ ಇಳಿಯಿತೇ ಎಂಬುದನ್ನು ಚರ್ಮದ ಬಯಾಪ್ಸಿಯಿಂದಲೇ ಹಿಂಬಾಲಿಸಲಾಗಿದೆ. ಮಿದುಳಿನಲ್ಲಿ ಏನಾಯಿತು ಎಂಬುದನ್ನು ಚರ್ಮ ಅಲ್ಲಿಯೂ ಪರೋಕ್ಷವಾಗಿಯೇ ಹೇಳುತ್ತದೆ.

ಇನ್ನು ಎಡವುವ ಜಾಗಗಳ ಮಾತು. ಫೈಬ್ರೋಬ್ಲಾಸ್ಟ್‌ಗೆ ಕೊಲಾಜನ್ ಹೆಣೆಯಲು ವಿಟಮಿನ್ ಸಿ ಬೇಕು. ಅದು ಪೋಷಕ ದ್ರವದಲ್ಲಿ ಬೇಗ ಹಾಳಾಗುವುದರಿಂದ ಆಗಾಗ್ಗೆ ಸೇರಿಸಬೇಕಾಗುತ್ತದೆ. ಸೇರಿಸಲು ಮರೆತರೆ ಆರೋಗ್ಯವಂತರ ಕೋಶವೂ ಕೊಲಾಜನನ್ನು ಸರಿಯಾಗಿ ಹೊರಗೆ ಕಳಿಸುವುದಿಲ್ಲ, ರೋಗಿಯ ಕೋಶದಂತೆಯೇ ನಟಿಸುತ್ತದೆ. ನಾನೂ ಒಮ್ಮೆ ಇಂಥ ನಾಟಕಕ್ಕೆ ಮರುಳಾಗಿ, ಎರಡು ವಾರ ಸಂಭ್ರಮಪಟ್ಟು, ಆಮೇಲೆ ತಲೆ ತಗ್ಗಿಸಿದ್ದುಂಟು. ರೋಗಿಯ ಕೋಶ ಐದನೆಯ ಪ್ಯಾಸೇಜಿನದು, ಹೋಲಿಕೆಯ ಕೋಶ ಹದಿನೈದನೆಯದು ಎಂದಾದರೆ ಅಲ್ಲಿ ಕಾಣುವ ವ್ಯತ್ಯಾಸ ರೋಗದ್ದಲ್ಲ, ಕೋಶದ ಮುಪ್ಪಿನದು. ಬಿಸಿಲಿಗೆ ಒಡ್ಡಿದ ಮುಂಗೈ ಚರ್ಮಕ್ಕೂ ಮುಚ್ಚಿದ ತೊಡೆಯ ಚರ್ಮಕ್ಕೂ ಹೋಲಿಕೆ ಸಲ್ಲದು. ಒಬ್ಬನೇ ರೋಗಿಯ ಕೋಶವನ್ನು ಹತ್ತು ತಟ್ಟೆಗಳಲ್ಲಿ ಬೆಳೆಸಿ ಹತ್ತು ಸ್ಯಾಂಪಲ್ ಎಂದು ಲೆಕ್ಕ ಹಾಕುವುದಂತೂ ಈಗಲೂ ನಿಂತಿಲ್ಲ; ಅಲ್ಲಿ ಇರುವುದು ಒಬ್ಬ ರೋಗಿ, ಒಂದು ಸ್ಯಾಂಪಲ್.

ಫೈಬ್ರೋಬ್ಲಾಸ್ಟ್ ತಾನು ತಯಾರಿಸದ ಪ್ರೋಟೀನಿನ ಬಗ್ಗೆ ಮಾತಾಡಬೇಕಾದರೆ ಅದನ್ನು ಬೇರೆ ಕೋಶವಾಗಿ ಮಾರ್ಪಡಿಸಬೇಕು. ಜಪಾನಿನ ವಿಜ್ಞಾನಿ ಶಿನ್ಯ ಯಮನಕ ಅವರ ತಂಡ ನಾಲ್ಕು ಜೀನ್‌ಗಳ ನೆರವಿನಿಂದ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಫೈಬ್ರೋಬ್ಲಾಸ್ಟ್‌ಗಳನ್ನು ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳಾಗಿ ಹಿಂದಿರುಗಿಸಿತು. ಅವರಿಗೆ 2012ರಲ್ಲಿ ನೊಬೆಲ್ ಬಂತು. ಇದೇ ದಾರಿಯಲ್ಲಿ ಕ್ಯಾಡಸಿಲ್ ರೋಗಿಗಳ ಕೋಶಗಳಿಂದ ನಾಳದ ಗೋಡೆಯ ಕೋಶಗಳನ್ನು ಬೆಳೆಸಿದ 2019ರ ಅಧ್ಯಯನದಲ್ಲಿ, ಅವು ಲೋಮನಾಳದ ರಚನೆಯನ್ನು ಆಧರಿಸಿ ನಿಲ್ಲಿಸಲಾರದೆ ಹೋದವು; ನಾಳಕ್ಕೆ ಅಂಟಿಕೊಂಡಿರಲು ಬೇಕಾದ ಪಿಡಿಜಿಎಫ್ ಬೀಟಾ ಗ್ರಾಹಕವೂ ಅವುಗಳಲ್ಲಿ ಇಳಿದಿತ್ತು. ಇಲ್ಲೊಂದು ತೊಡಕಿದೆ. ಕೋಶವನ್ನು ಆರಂಭದ ಸ್ಥಿತಿಗೆ ತಂದಾಗ ಅದರ ವಯಸ್ಸಿನ ಗುರುತುಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ದಶಕಗಳ ಕಾಲ ರಾಶಿ ಬಿದ್ದು ಬಾಧಿಸುವ ರೋಗವನ್ನು ಕೆಲವೇ ವಾರಗಳ ಎಳೆಯ ಕೋಶದಲ್ಲಿ ಹುಡುಕುತ್ತಿದ್ದೇವೆ ಎಂಬುದು ನೆನಪಿರಬೇಕು.

ಕೊನೆಗೆ ಬಂದ ಪ್ರಶ್ನೆ ಇದು: ಕುಟುಂಬದಲ್ಲಿ ಇಂಥ ರೋಗವಿದ್ದರೆ ಎಲ್ಲರೂ ಚರ್ಮದ ಪರೀಕ್ಷೆ ಮಾಡಿಸಬೇಕೇ? ಬೇಕಿಲ್ಲ. ಮೊದಲು ಮಾಡುವುದು ರಕ್ತದಿಂದ ಡಿಎನ್‌ಎ ಪರೀಕ್ಷೆ. ಅದೂ ಆಪ್ತಸಮಾಲೋಚನೆಯ ನಂತರ, ಲಕ್ಷಣವಿಲ್ಲದವರ ವಿಷಯದಲ್ಲಿ ಅವರೇ ಬಯಸಿದರೆ ಮಾತ್ರ. ಡಿಎನ್‌ಎ ಫಲಿತಾಂಶ ಅಸ್ಪಷ್ಟವಾಗಿದ್ದಾಗ, ಎಂದರೆ ನಾಚ್3 ಜೀನಿನಲ್ಲಿ ಬದಲಾವಣೆ ಕಂಡರೂ ಅದು ಸಿಸ್ಟೀನ್ ಲೆಕ್ಕವನ್ನು ತಪ್ಪಿಸದಂಥದ್ದಾಗಿದ್ದಾಗ, ಚರ್ಮದ ನಾಳದಲ್ಲಿ ಆ ಮುದ್ದೆಗಳಿವೆಯೇ ಎಂದು ನೋಡುವುದು ಉಪಯುಕ್ತ. ಸಿಸ್ಟೀನ್ ಲೆಕ್ಕ ತಪ್ಪಿಸುವ ನಾಚ್3 ಬದಲಾವಣೆಗಳು ಜನಸಾಮಾನ್ಯರ ಜೀನ್ ದತ್ತಾಂಶದಲ್ಲಿ ಸಾವಿರಕ್ಕೆ ಮೂರಕ್ಕಿಂತ ಹೆಚ್ಚು ಕಂಡಿವೆ. ಅವರೆಲ್ಲರಿಗೂ ತೀವ್ರ ರೋಗ ಬರುವುದಿಲ್ಲ. ಬದಲಾವಣೆ ಮೊದಲ ಆರು ತುಣುಕುಗಳಲ್ಲಿದ್ದರೆ ರೋಗ ಬೇಗ ಬರುತ್ತದೆ, ಮುಂದಿನ ತುಣುಕುಗಳಲ್ಲಿದ್ದರೆ ಸಾಮಾನ್ಯವಾಗಿ ತಡವಾಗಿ, ಸೌಮ್ಯವಾಗಿ. ತಟ್ಟೆಯಲ್ಲಿ ಬೆಳೆಸಿದ ಫೈಬ್ರೋಬ್ಲಾಸ್ಟ್‌ಗಳ ಪ್ರೋಟೀನ್ ಅಳತೆ ಇಂದಿಗೆ ಸಂಶೋಧನೆಯ ಸಾಧನವೇ ಹೊರತು ಯಾವ ರೋಗಿಗೂ ನಾಳೆ ಏನಾಗುವುದೆಂದು ಹೇಳುವ ಪರೀಕ್ಷೆಯಲ್ಲ. ಚರ್ಮ ಕೊಡಲು ಒಪ್ಪುವವರಿಗೆ ಕತ್ತರಿಸುವ ಮೊದಲೇ ಇದನ್ನು ಹೇಳಿರಬೇಕು, ಸಹಿ ಹಾಕಿಸಿಕೊಂಡ ಮೇಲಲ್ಲ.